ಇನ್ನೊಬ್ಬರ ಉಸಿರು

ಕಲ್ಲು ಕೊಯ್ಯುವವರ ಬೀದಿಗೆ ಆರೋಗ್ಯ ಇಲಾಖೆಯಿಂದ ಫ್ಯಾನುಗಳು ಬಂದವು. ಅಡುಗೆಮನೆಯ ಗೋಡೆಯಲ್ಲಿ ಕಿಂಡಿ ಮಾಡಿ ಕೂರಿಸುವಂಥವು. ಒಳಗಿನ ಹೊಗೆಯನ್ನು ಹೊರಗೆ ದೂಡುವಂಥವು. ಮನೆಗೊಂದರಂತೆ ಕೊಟ್ಟು, ಕೆಲಸದವರನ್ನು ಕಳಿಸಿ ಕೂರಿಸಿಯೂ ಹೋದರು. ಪುಕ್ಕಟೆ ಬಂದದ್ದನ್ನು ಯಾರೂ ಬೇಡವೆನ್ನಲಿಲ್ಲ.

ಸೌದೆ ಒಲೆ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಉರಿಯುತ್ತಿತ್ತು, ನಿಜ. ಆದರೆ ಆ ಬೀದಿಯನ್ನು ಕಾಡುತ್ತಿದ್ದದ್ದು ಹೊಗೆಯಲ್ಲ, ಕಲ್ಲಿನ ಧೂಳು.

ಬೀದಿಯ ತುದಿಗೆ ಕಾರ್ಖಾನೆ. ಅಲ್ಲಿ ಬಂಡೆಗಳನ್ನು ಯಂತ್ರದಿಂದ ಸೀಳಿ, ನೆಲಕ್ಕೆ ಹಾಸುವ ಚಪ್ಪಡಿಗಳನ್ನು ಮಾಡುತ್ತಿದ್ದರು. ಯಂತ್ರದಲ್ಲಿ ತಿರುಗುವ ಹಲ್ಲಿನ ಬಿಲ್ಲೆ ಕಲ್ಲಿಗೆ ತಾಗಿದೊಡನೆ ಹಿಟ್ಟಿನಂಥ ಧೂಳು ಎದ್ದು ತಗಡಿನ ಮಾಡಿನವರೆಗೂ ಹೋಗುತ್ತಿತ್ತು. ಸಂಜೆ ಕೆಲಸ ಬಿಟ್ಟ ಗಂಡಸರು ಹುಬ್ಬು, ರೆಪ್ಪೆ, ಕಿವಿಯ ಅಂಚು ಎಲ್ಲ ಬೆಳ್ಳಗಾಗಿ ಮನೆಗೆ ಬರುವರು. ಹೊಸ್ತಿಲಲ್ಲಿ ನಿಂತು ಅಂಗಿ ಕೊಡವುವರು. ಆ ಅಂಗಿಯನ್ನು ಹೆಂಗಸರು ಒಗೆಯುವರು. ಹೀಗೆ ಕಾರ್ಖಾನೆಯ ಧೂಳು ದಿನವೂ ಮನೆಗೆ ಬರುತ್ತಿತ್ತು.

ಈಗ ಫ್ಯಾನು ತಿರುಗತೊಡಗಿತು. ಅದು ಹಿಂದುಗಡೆಯಿಂದ ಗಾಳಿಯನ್ನು ದೂಡಿದಷ್ಟೂ ಬೀದಿಯ ಗಾಳಿ ಮುಂಬಾಗಿಲಿನಿಂದ ನುಗ್ಗಿತು. ಪಾತ್ರೆಗಳ ಮುಚ್ಚಳದ ಮೇಲೆ ಬೆರಳಿನಿಂದ ಗೆರೆ ಎಳೆಯಬಹುದಾದಷ್ಟು ಧೂಳು ಕೂರತೊಡಗಿತು.

ಕಾರ್ಖಾನೆಯ ಮೇಸ್ತ್ರಿಯ ಮನೆಯಲ್ಲಿ ಫ್ಯಾನಿಗೆ ಹಳೆಯ ಟವಲು ಸುತ್ತಿಟ್ಟಿದ್ದರು. ಮನೆಯಲ್ಲಿದ್ದವರು ಮೇಸ್ತ್ರಿ, ಅವನ ಹೆಂಡತಿ, ಕಿರಿಯ ಮಗ, ಸೊಸೆ. ಕಿರಿಯ ಮಗ ಕಲ್ಲು ಸೀಳುವ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಅದೇ ಯಂತ್ರದ ಮೇಲೆ ಮೊದಲು ದುಡಿದವನು ಹಿರಿಯ ಮಗ. ಅವನು ಮದುವೆಗೆ ಮುಂಚೆಯೇ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಕ್ಷಯವೆಂದು ಔಷಧಿ ಕೊಟ್ಟಿದ್ದರು, ಔಷಧಿ ಹಿಡಿಯಲಿಲ್ಲ. ದೇವರು ಕೊಟ್ಟದ್ದನ್ನು ದೇವರು ತೆಗೆದುಕೊಂಡನೆಂದು ಮನೆಯವರು ಸುಮ್ಮನಾಗಿದ್ದರು.

ಫ್ಯಾನುಗಳನ್ನು ನೋಡಿಕೊಂಡು ಹೋಗಲು ಆರೋಗ್ಯ ಕಾರ್ಯಕರ್ತೆ ಬಂದಳು. ಈ ಬೀದಿಗೆ ವರ್ಗವಾಗಿ ಬಂದು ಅವಳಿಗೆ ಹೆಚ್ಚು ಕಾಲವಾಗಿರಲಿಲ್ಲ. ಕೆಮ್ಮಿದವರು ಕಣ್ಣಿಗೆ ಬಿದ್ದರೆ ಚೀಲದಿಂದ ಒಂದು ಕೊಳವೆ ತೆಗೆದು, "ಊದಿ, ಇನ್ನೂ ಜೋರಾಗಿ ಊದಿ" ಎನ್ನುತ್ತಿದ್ದಳು. ಊದಿದ ರಭಸಕ್ಕೆ ಕೊಳವೆಯ ಮೇಲಿನ ಮುಳ್ಳು ಮುಂದಕ್ಕೆ ಸರಿಯುವುದು. ಬೀದಿಯವರು ಅವಳಿಗೆ ಊದಕ್ಕ ಎಂದು ಹೆಸರಿಟ್ಟಿದ್ದರು. ಊದಕ್ಕ ಬಂದಳೆಂದರೆ ಗಂಡಸರು ಹಿತ್ತಿಲ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದರು.

"ಯಾಕಮ್ಮಾ, ಫ್ಯಾನಿಗೆ ಚಳಿಯಾಗತ್ತೆ ಅಂತ ಹೊದಿಸಿದ್ದೀಯಾ?" ಎಂದು ಊದಕ್ಕ ಸೊಸೆಯನ್ನು ಕೇಳಿದಳು.

"ಅದಕ್ಕಲ್ಲ ಅಕ್ಕ, ಅದು ತಿರುಗಿದ್ರೆ ನಮಗೆ ಕೆಮ್ಮು ಬರತ್ತೆ" ಎಂದಳು ಸೊಸೆ.

ಜಗುಲಿಯ ಮೇಲೆ ಕೂತಿದ್ದ ಮೇಸ್ತ್ರಿಗೆ ಮಾತಿಗೆ ಎಳೆ ಸಿಕ್ಕಿತು. "ನೋಡಮ್ಮಾ ಊದಕ್ಕ, ಹೊಟ್ಟೆನೋವು ಅಂದ್ರೆ ತಲೆಗೆ ಎಣ್ಣೆ ಹಚ್ಚೋ ಇಲಾಖೆ ನಿಮ್ಮದು. ಯಾವ ಪುಣ್ಯಾತ್ಮ ಯೋಚನೆ ಮಾಡಿದ್ನೋ ಇದನ್ನ!"

"ಹೊಟ್ಟೆನೋವು ಅಂತ ನೀವು ಎಲ್ಲಿ ಹೇಳಿದ್ರಿ ಮೇಸ್ತ್ರಿಗಳೇ? ತಲೆನೋವು ಅಂತಲೇ ಅಲ್ವಾ ಹೇಳಿದ್ದು?"

"ಅಂದ್ರೆ?"

ಊದಕ್ಕ ಚೀಲವನ್ನು ಕೆಳಗಿಟ್ಟು ಕೂತಳು. "ಹೋದ ವರ್ಷ ಸಮೀಕ್ಷೆ ಆಯ್ತಲ್ಲ, ಅದರ ವರದಿ ಓದಿದೆ. ಈ ಬೀದೀಲಿ ಹೆಂಗಸರಿಗೆ ಕೆಮ್ಮಿದೆ, ಗಂಡಸರಿಗೆ ಇಲ್ಲ. ಅದರಲ್ಲೂ ಕಾರ್ಖಾನೆಗೆ ಹೋಗೋ ಗಂಡಸರ ಉಸಿರು ಇಡೀ ಊರಿಗೇ ಚೆನ್ನಾಗಿದೆ ಅಂತ ಬಂದಿದೆ. ಮೇಲಿನ ಡಾಕ್ಟರುಗಳು ಕೂತು ಯೋಚಿಸಿದ್ರು. ಕಲ್ಲಿನ ಹತ್ತಿರ ಇರೋ ಗಂಡಸರಿಗೆ ಏನೂ ಆಗಿಲ್ಲ, ಮನೇಲಿರೋ ಹೆಂಗಸರಿಗೆ ಕೆಮ್ಮಿದೆ. ಹಾಗಾದ್ರೆ ಕಾರಣ ಎಲ್ಲಿರಬೇಕು? ಅಡುಗೆಮನೇಲಿ. ಅದಕ್ಕೆ ಫ್ಯಾನು. ನೀವು ಹೇಳಿದ್ದನ್ನ ನಂಬಿದ್ರು, ಅಷ್ಟೇ."

ಒಳಕೋಣೆಯಲ್ಲಿ ಕಿರಿಯ ಮಗ ಕೆಮ್ಮಿದ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅಂದು ಅವನಿಗೆ ಹಿತ್ತಿಲ ಬಾಗಿಲಿನವರೆಗೂ ಓಡುವಷ್ಟು ದಮ್ಮಿರಲಿಲ್ಲ.

"ಊರಿಗೇ ಚೆನ್ನಾಗಿರೋ ಉಸಿರು ಇದೇನಾ?" ಎಂದು ಊದಕ್ಕ ಮೆಲ್ಲಗೆ ಕೇಳಿದಳು.

"ಅವರು ಅವತ್ತು ಊದಲೇ ಇಲ್ಲ ಅಕ್ಕ" ಎಂದಳು ಸೊಸೆ.

"ಏಯ್, ನೀನು ಒಳಗೆ ಹೋಗು" ಎಂದ ಮೇಸ್ತ್ರಿ.

"ಹೋಗ್ತೀನಿ ಮಾವ. ಹೇಳಿ ಹೋಗ್ತೀನಿ."

ಅವಳು ಹೇಳಿದ್ದು ಇಷ್ಟು. ಸಮೀಕ್ಷೆಯವರು ಬರುತ್ತಾರೆಂದು ಗೊತ್ತಾದ ದಿನ ಮೇಸ್ತ್ರಿ ಮನೆಮನೆಗೆ ಹೋಗಿ, ಗಂಡಸರು ಯಾರೂ ಕೆಮ್ಮಿದೆಯೆಂದು ಹೇಳಕೂಡದೆಂದು ತಾಕೀತು ಮಾಡಿದ್ದ. ಬೀದಿಯವರಿಗೆ ಅವನ ಮೇಲೆ ಗೌರವ, ಒಪ್ಪಿದರು. ಹೆಂಗಸರನ್ನೂ ಕೇಳುತ್ತಾರೆಂದು ಅವನಿಗೆ ಹೊಳೆದಿರಲಿಲ್ಲ. ಹಾಗಾಗಿ ಅವರು ಇದ್ದದ್ದನ್ನು ಇದ್ದಂತೆ ಹೇಳಿದರು. ಸಮೀಕ್ಷೆಯವರು ಬೇರೆ ಊರಿನಿಂದ ಬಂದವರು, ಯಾರ ಮುಖವೂ ಗೊತ್ತಿಲ್ಲದವರು. ಅವರು ಮೇಜು ಹಾಕಿಕೊಂಡದ್ದು ಕಾರ್ಖಾನೆಯ ಗೇಟಿನ ಪಕ್ಕದಲ್ಲಿ. ಆ ಮೇಜಿನ ಪಕ್ಕದಲ್ಲೇ ಕಾರ್ಖಾನೆಯ ಯಜಮಾನರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಲ್ಲಿ ಕೊಳವೆ ಊದಬೇಕೆಂದಾಗ, ಊದಲಾರದವರಿಗೆಲ್ಲ ಪೀಕಲಾಟಕ್ಕಿಟ್ಟುಕೊಂಡಿತು.

ಅದೇ ಬೀದಿಯಲ್ಲಿ ಬಲೂನು ಮಾರುವವನೊಬ್ಬನಿದ್ದ. ಶಾಲೆಗಳ ಮುಂದೆ ನಿಂತು, ಬೆಳಗಿನಿಂದ ಸಂಜೆಯವರೆಗೆ ಬಾಯಿಂದಲೇ ಬಲೂನು ಊದಿ ಮಾರುವವನು. ಅವನ ಪುಪ್ಪುಸ ಕಮ್ಮಾರನ ತಿದಿಯಂತೆ. ಒಂದು ಲೋಟ ಟೀ ಕೊಡಿಸಿ ಅವನನ್ನು ಕರೆತಂದರು. ಅವನು ಮೇಸ್ತ್ರಿಯ ಮಗನ ಹೆಸರಿನಲ್ಲಿ ಊದಿದ. ಸಾಲಿನ ಹಿಂದಕ್ಕೆ ಹೋಗಿ, ಅಂಗಿ ಬದಲಿಸಿ ಬಂದು, ಪಕ್ಕದ ಮನೆಯವನ ಹೆಸರಿನಲ್ಲಿ ಊದಿದ. ಆಮೇಲೆ ಟೋಪಿ ಹಾಕಿಕೊಂಡು ಬಂದು ಮತ್ತೊಬ್ಬನ ಹೆಸರಿನಲ್ಲಿ ಊದಿದ. ಯಜಮಾನರು ನೋಡಿಯೂ ನೋಡದವರಂತೆ ಕೂತಿದ್ದರು. ಬೀದಿಯವರು ಆ ಕಥೆಯನ್ನು ಹೇಳಿಕೊಂಡು ಬಹಳ ದಿನ ನಕ್ಕರು.

"ನಕ್ಕಿದ್ದೇ ಬಂತು" ಎಂದಳು ಸೊಸೆ. "ಈಗ ಇವರು ಮೆಟ್ಟಿಲು ಹತ್ತೋಕೆ ಹೋದ್ರೆ ಅರ್ಧದಲ್ಲಿ ಕೂತ್ಕೋತಾರೆ. ಆಸ್ಪತ್ರೆಗೆ ಕರ್ಕೊಂಡು ಹೋದೆ. ಹಿಂದೆ ಏನಾದ್ರೂ ಪರೀಕ್ಷೆ ಮಾಡಿಸಿದ್ರಾ ಅಂದ್ರು. ಸಮೀಕ್ಷೆಯವರು ಕೊಟ್ಟ ಚೀಟಿ ತೋರಿಸಿದ್ವಿ. ಅದನ್ನ ನೋಡಿ ಡಾಕ್ಟರು, ಉಸಿರು ಕುಸ್ತಿಪಟು ಥರ ಇದೆಯಲ್ಲಪ್ಪ, ಹೊಗೆಗೆ ಗಂಟಲು ಕೆಟ್ಟಿರಬೇಕು ಅಂತ ಸಿರಪ್ಪು ಬರ್ಕೊಟ್ರು. ಬಲೂನಣ್ಣನ ಉಸಿರಿಗೆ ಇವರು ಸಿರಪ್ಪು ಕುಡೀತಿದ್ದಾರೆ ಅಕ್ಕ."

ಮೇಸ್ತ್ರಿ ಟವಲಿನಿಂದ ಮುಖ ಒರೆಸಿಕೊಂಡ. "ಹೌದು, ನಾನೇ ಹೇಳಿಸಿದ್ದು. ಏನಾಯ್ತೀಗ? ಹೊಳೆಯಾಚೆ ಊರಲ್ಲೂ ಹೀಗೇ ಕೇಳ್ಕೊಂಡು ಬಂದ್ರು. ಕೆಮ್ಮಿದೆಯಾ, ದಮ್ಮಿದೆಯಾ ಅಂತ. ಆಮೇಲೆ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿಯವರು ಕೆಲಸ ಹುಡುಕ್ಕೊಂಡು ದಿಕ್ಕಾಪಾಲಾದ್ರು. ನಮಗೆ ಕಲ್ಲು ಬಿಟ್ರೆ ಬೇರೆ ಏನು ಗೊತ್ತಮ್ಮಾ? ಕೆಮ್ಮಿಕೊಂಡಾದ್ರೂ ಊಟ ಮಾಡ್ತಿದ್ದೀವಿ."

"ಆ ಊರಲ್ಲಿ ಬೀಗ ಬಿದ್ದಿದ್ದು ನಿಜ" ಎಂದಳು ಊದಕ್ಕ. "ಆರು ತಿಂಗಳಾದ ಮೇಲೆ ತೆಗೆದಿದ್ದೂ ನಿಜ. ಬಿಲ್ಲೆಗೆ ನೀರು ಬೀಳೋ ಹಾಗೆ ನಲ್ಲಿ ಕೂರಿಸಿ ತೆಗೆದ್ರು. ಕಲ್ಲು ಒದ್ದೆಯಾಗಿದ್ರೆ ಧೂಳು ಏಳೋದು ಬಹಳ ಕಡಿಮೆ. ಬೀಗ ಹಾಕಿದ್ದು ಕೇಳಿಸ್ತು ನಿಮಗೆ, ತೆಗೆದಿದ್ದು ಕೇಳಿಸಲಿಲ್ಲ."

"ಇಲ್ಲಿ ಹಾಗಾಗಲ್ಲ ಅಂತ ಆಣೆ ಮಾಡ್ತೀಯಾ?"

"ಇಲ್ಲ. ಯಾರು ಏನು ಮಾಡ್ತಾರೋ ಅದು ನನ್ನ ಕೈಲಿಲ್ಲ. ಒಂದು ಮಾತ್ರ ಗೊತ್ತು. ಕೆಮ್ಮಿಲ್ಲದ ಬೀದಿಗೆ ಯಾರೂ ನೀರಿನ ನಲ್ಲಿ ಕೊಡಲ್ಲ. ಎಕ್ಸ್-ರೇ ಗಾಡಿ ಕಳಿಸಲ್ಲ. ಆ ಗಾಡಿ ಈ ಬೀದಿಗೇ ಬರಬೇಕಿತ್ತು. ವರದಿ ನೋಡಿ, ಇಲ್ಲಿ ಬೇಕಾಗಿಲ್ಲ ಅಂತ ಮಾರುಕಟ್ಟೆ ಬೀದಿಗೆ ಹಾಕಿದ್ರು."

ಅಷ್ಟು ಹೊತ್ತು ಬಾಗಿಲಿಗೆ ಒರಗಿ ನಿಂತಿದ್ದ ಮೇಸ್ತ್ರಿಯ ಹೆಂಡತಿ ಮುಂದೆ ಬಂದಳು. ಅವಳು ಹೆಚ್ಚು ಮಾತಿನವಳಲ್ಲ. "ಆ ಕೊಳವೆ ಚೀಲದಲ್ಲಿದೆಯೇನಮ್ಮಾ?" ಎಂದು ಕೇಳಿದಳು. ಇದೆಯೆಂದಾಗ ಒಳಗೆ ಹೋಗಿ ಮಗನನ್ನು ಕೈಹಿಡಿದು ಕರೆತಂದು ಕೂರಿಸಿದಳು.

ಮಗ ಉಸಿರೆಳೆದುಕೊಂಡು ಊದಿದ. ಮುಳ್ಳು ಸ್ವಲ್ಪ ಅಲುಗಿ, ಸ್ವಲ್ಪ ದೂರ ಹೋಗಿ ನಿಂತಿತು. ಇನ್ನೊಮ್ಮೆ ಊದಿದ. ಅಷ್ಟೇ ದೂರ.

"ಯಂತ್ರ ಕೆಟ್ಟಿದೆ" ಎಂದ ಮೇಸ್ತ್ರಿ. "ಕೊಡಿಲ್ಲಿ." ಊದಕ್ಕ ಬಾಯಿಗಿಡುವ ತುದಿಯನ್ನು ಬದಲಿಸಿ ಕೊಟ್ಟಳು. ಅವನು ಎದ್ದುನಿಂತು, ಎದೆ ಉಬ್ಬಿಸಿ, ಮುಖ ಕೆಂಪಾಗುವಂತೆ ಊದಿದ. ಮುಳ್ಳು ಮಗನಿಗಿಂತ ಚೂರು ಮುಂದೆ ಹೋಗಿ ನಿಂತಿತು. "ನಾನು ಹೇಳಲಿಲ್ವಾ? ಕೆಟ್ಟಿದೆ."

ಸೊಸೆ ಹೊರಗೆ ಹೋದಳು. ಹಿಂತಿರುಗಿದಾಗ ಜೊತೆಯಲ್ಲಿ ಬಲೂನು ಮಾರುವವನಿದ್ದ. ಕೈಯಲ್ಲಿ ಊದದ ಬಲೂನುಗಳ ಕಟ್ಟು. ಕೊಳವೆ ನೋಡಿ ಅವನಿಗೆ ಹಳೆಯ ಅಭ್ಯಾಸವೇ ನೆನಪಾಯಿತು.

"ಈ ಸಲ ಯಾರ ಹೆಸರಲ್ಲಿ ಊದಲಿ?" ಎಂದ.

"ನಿನ್ನ ಹೆಸರಲ್ಲೇ ಊದು, ಮಹಾರಾಯ" ಎಂದಳು ಊದಕ್ಕ.

ಅವನು ಊದಿದ. ಮುಳ್ಳು ಸರಕ್ಕನೆ ಕೊನೆಗೆ ಹೋಗಿ ಬಡಿಯಿತು.

ಯಾರೂ ನಗಲಿಲ್ಲ. ಬಲೂನು ಮಾರುವವನು ಒಬ್ಬೊಬ್ಬರ ಮುಖ ನೋಡಿದ. ಮೇಸ್ತ್ರಿಯ ಮಗನ ಮುಖ ನೋಡಿದ ಮೇಲೆ ಕೊಳವೆಯನ್ನು ಕೆಳಗಿಟ್ಟ. "ತಪ್ಪಾಯ್ತಪ್ಪ" ಎಂದ. "ಟೀ ಕೊಡ್ತೀವಿ ಊದು ಅಂದ್ರು, ಊದಿದೆ. ಇದು ನಿನ್ನ ಎದೆಗೆ ಬರತ್ತೆ ಅಂತ ಗೊತ್ತಿರಲಿಲ್ಲ."

ಮೇಸ್ತ್ರಿಯ ಹೆಂಡತಿ ಹೇಳಿದಳು: "ದೊಡ್ಡವನು ಹೋಗೋವಾಗ ಯಾರೂ ಕೇಳೋಕೆ ಬರಲಿಲ್ಲ. ಇವನ ಹೊತ್ತಿಗೆ ಬಂದ್ರು. ನಾವು ಬಾಗಿಲು ಹಾಕ್ಕೊಂಡ್ವಿ."

"ಈ ಕೊಳವೆಯಿಂದ ಕಾಯಿಲೆ ಯಾವುದು ಅಂತ ಗೊತ್ತಾಗಲ್ಲ" ಎಂದಳು ಊದಕ್ಕ. "ಎಕ್ಸ್-ರೇ ಬೇಕು. ನಾಳೆ ದೊಡ್ಡಾಸ್ಪತ್ರೆಗೆ ನಾನೇ ಬರ್ತೀನಿ. ಆ ಚೀಟಿ ಮಾತ್ರ ತರಬೇಡಿ."

ಮರುದಿನ ಅಪ್ಪ ಮಗ ಇಬ್ಬರೂ ಹೋದರು. ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಮೊದಲು ಕೇಳಿದ್ದು ಕೆಲಸ ಯಾವುದೆಂದು. ಕಲ್ಲಿನ ಧೂಳು ಶ್ವಾಸಕೋಶದೊಳಗೆ ಕೂತು ಗಾಯ ಮಾಡಿದೆ, ಆದ ಗಾಯವನ್ನು ಅಳಿಸುವ ಔಷಧಿ ಇಲ್ಲ ಎಂದರು. ಧೂಳಿನಿಂದ ದೂರವಿದ್ದರೆ ಗಾಯ ಬೇಗ ಬೆಳೆಯದೆ ಇರಬಹುದು. ಇಂಥ ಎದೆಗೆ ಕ್ಷಯ ಬೇಗ ತಗಲುತ್ತದೆ, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ಮೇಸ್ತ್ರಿಯ ಎದೆಯಲ್ಲೂ ಅದೇ ಕಲೆಗಳಿದ್ದವು, ಅಷ್ಟು ದಟ್ಟವಾಗಿರಲಿಲ್ಲ.

"ಇನ್ನು ಆ ಯಂತ್ರದ ಹತ್ತಿರ ಹೋಗಕೂಡದು" ಎಂದು ಡಾಕ್ಟರು ಮಗನಿಗೆ ಹೇಳಿದರು. "ಇನ್ನೊಂದು ವರ್ಷ ಮೊದಲೇ ಬಂದಿದ್ರೆ ಒಳ್ಳೇದಿತ್ತು."

ಅಪ್ಪ ಮಗ ಬಸ್ಸಿನಲ್ಲಿ ಹಿಂತಿರುಗಿದರು. ಊರು ಹತ್ತಿರವಾದಾಗ ಮಗ ಹೇಳಿದ, "ಅಪ್ಪ, ನೀವೊಬ್ಬರೇ ಅಲ್ಲ. ಬಲೂನಣ್ಣನ್ನ ಕರ್ಕೊಂಡು ಬಾ ಅಂತ ಹೇಳಿದ್ದು ನಾನೇ." ಮೇಸ್ತ್ರಿ ಮಗನ ಬೆನ್ನ ಮೇಲೆ ಕೈಯಿಟ್ಟ. ಇಳಿಯುವವರೆಗೂ ತೆಗೆಯಲಿಲ್ಲ.

ಅಂದು ಸಂಜೆಯೇ ಮೇಸ್ತ್ರಿ ಮತ್ತೆ ಮನೆಮನೆಗೆ ಹೊರಟ. ಹಿಂದೆ ಯಾವ ಬಾಗಿಲುಗಳಲ್ಲಿ ನಿಂತು ಸುಳ್ಳು ಹೇಳಿ ಎಂದಿದ್ದನೋ ಅದೇ ಬಾಗಿಲುಗಳಲ್ಲಿ ನಿಂತ. ಕೆಲವರು ಕೇಳಿದರು. ಕೆಲವರು, "ನಿನ್ನ ಮಗನಿಗೆ ಬಂತು ಅಂತ ಈಗ ಬುದ್ಧಿ ಬಂತೇನಯ್ಯ?" ಎಂದರು. ಅವನು ಹೌದೆಂದ.

ಊದಕ್ಕನ ಕೆಲಸವೂ ಸುಲಭವಾಗಿರಲಿಲ್ಲ. ಒಪ್ಪಿಸಿಯಾದ ವರದಿಯನ್ನು ತಪ್ಪೆಂದು ಹೇಳುವುದು ಯಾವ ಕಚೇರಿಗೂ ಇಷ್ಟವಾಗುವ ಮಾತಲ್ಲ. "ಫ್ಯಾನು ಕೊಟ್ಟಾಯ್ತಲ್ಲಮ್ಮಾ, ಮತ್ತೇನು?" ಎಂದರು ಕಚೇರಿಯವರು. ಆದರೆ ಸಮೀಕ್ಷೆ ನಡೆಸಿದ ಡಾಕ್ಟರಮ್ಮ ಅವಳ ಮಾತನ್ನು ಪೂರ್ತಿ ಕೇಳಿ, ತಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಂಡರು. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಳುಗಳ ಕಷ್ಟ ಕೇಳಿದರೆ ಯಾರು ತಾನೆ ನಿಜ ಹೇಳುತ್ತಾರೆ? ಎಲ್ಲವನ್ನೂ ಹೊಸದಾಗಿ ಮಾಡೋಣ ಎಂದರು.

ಎರಡನೆಯ ಸಲ ಅವರು ರಜೆಯ ದಿನ ಬಂದರು. ಗೇಟಿಗೆ ಹೋಗಲಿಲ್ಲ, ಮನೆಗಳಿಗೆ ಹೋದರು. ಒಬ್ಬೊಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ಯಾರು ಏನು ಹೇಳಿದರೆಂಬುದು ಯಜಮಾನರಿಗಾಗಲಿ ಪಕ್ಕದ ಮನೆಯವರಿಗಾಗಲಿ ತಿಳಿಯುವುದಿಲ್ಲ, ಬೇಡವೆಂದರೆ ಉತ್ತರ ಹೇಳದೆಯೂ ಇರಬಹುದು ಎಂದು ಮೊದಲೇ ತಿಳಿಸಿದರು. ಕೆಲಸದ ದಿನಗಳಲ್ಲಿ ಕೆಲವರ ಕಾಲರಿಗೆ ಬೆರಳುದ್ದದ ಡಬ್ಬಿ ಸಿಕ್ಕಿಸಿ, ಎಷ್ಟು ಧೂಳು ಮೂಗಿನ ಬಳಿ ಬರುತ್ತದೆಂದು ಅಳೆದರು. ಮಾರುಕಟ್ಟೆ ಬೀದಿಯವರನ್ನೂ ಹಾಗೆಯೇ ಪರೀಕ್ಷಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

ಈ ಸಲದ ವರದಿ ಬೇರೆಯೇ ಆಯಿತು. ಕಲ್ಲು ಸೀಳುವವರ ಉಸಿರು ಮಾರುಕಟ್ಟೆಯವರಿಗಿಂತ ಬಹಳ ಕಡಿಮೆ. ಹೆಂಗಸರಲ್ಲಿ ಹೆಚ್ಚು ಕೆಮ್ಮುತ್ತಿದ್ದವರು ಕಾರ್ಖಾನೆಯ ಬಟ್ಟೆ ಒಗೆಯುವವರು. ಸೌದೆ ಒಲೆಯಿದ್ದರೂ ಇಲ್ಲದಿದ್ದರೂ ಅಷ್ಟೇ.

ನಗರಸಭೆಯಲ್ಲಿ ಸಭೆ ನಡೆಯಿತು. ಎಲ್ಲರಿಗೂ ಬಟ್ಟೆಯ ಮಾಸ್ಕ್ ಹಂಚಿಬಿಡೋಣ, ಖರ್ಚೂ ಕಡಿಮೆ ಎಂದರು ಒಬ್ಬ ಸದಸ್ಯರು. ಡಬ್ಬಿಯಲ್ಲಿ ಸಿಕ್ಕಿದ ಧೂಳು ಬಟ್ಟೆಯನ್ನು ದಾಟಿ ಹೋಗುವಷ್ಟು ಸಣ್ಣದು, ಹಂಚಿದರೆ ಹಂಚಿದ ತೃಪ್ತಿ ನಮಗೆ, ಕೆಮ್ಮು ಅವರಿಗೆ ಎಂದರು ಡಾಕ್ಟರಮ್ಮ. ಧೂಳು ಏಳುವ ಜಾಗದಲ್ಲೇ ಅದನ್ನು ಹಿಡಿಯಬೇಕೆಂದು ತೀರ್ಮಾನವಾಯಿತು. ಪ್ರತಿ ಬಿಲ್ಲೆಗೂ ನೀರು, ಪಾಲಿಶ್ ಮಾಡುವಲ್ಲಿ ಧೂಳು ಹೀರುವ ಕೊಳವೆ, ಕೆಲಸದ ಬಟ್ಟೆಯನ್ನು ಕಾರ್ಖಾನೆಯಲ್ಲೇ ಬಿಟ್ಟು ಸ್ನಾನ ಮಾಡಿ ಬರಲು ಒಂದು ಕೋಣೆ, ಬೀದಿಗೆ ಎಕ್ಸ್-ರೇ ಗಾಡಿ.

ಅದೆಲ್ಲ ಆಗುವವರೆಗೆ ಕಾರ್ಖಾನೆ ಮುಚ್ಚಿತು. ಮೇಸ್ತ್ರಿ ಹೆದರಿದ್ದು ಪೂರ್ತಿ ಸುಳ್ಳಾಗಿರಲಿಲ್ಲ. ಆ ವಾರಗಳು ಬೀದಿಗೆ ಕಷ್ಟದವು. ಟೀ ಅಂಗಡಿಯಲ್ಲಿ ಅವನನ್ನು ಕಂಡವರು, "ಏನು ಮೇಸ್ತ್ರಿ, ನಿನ್ನ ನಿಜಾನ ಬೇಯಿಸಿ ತಿನ್ನೋಣ್ವಾ?" ಎಂದು ಕೇಳುತ್ತಿದ್ದರು. ಅವನು ಟೀ ಕುಡಿದು ಎದ್ದು ಬರುತ್ತಿದ್ದ. ಕೊನೆಗೆ ಯಂತ್ರಗಳು ಮತ್ತೆ ತಿರುಗಿದವು. ಯಜಮಾನರು ಗೊಣಗುತ್ತಲೇ ನೀರಿನ ನಲ್ಲಿ ತಿರುಗಿಸಿದರು. ಧೂಳು ಏಳುವ ಬದಲು ಬೂದು ಬಣ್ಣದ ಕೆಸರು ಕಾಲುವೆಯಲ್ಲಿ ಹರಿಯಿತು. ಮೇಸ್ತ್ರಿಯ ಮಗ ಮತ್ತೆ ಯಂತ್ರ ಮುಟ್ಟಲಿಲ್ಲ. ಊರೊಳಗಿನ ಮಳಿಗೆಯಲ್ಲಿ ಕೂತು ಗಿರಾಕಿಗಳಿಗೆ ಚಪ್ಪಡಿ ತೋರಿಸಿ ಅಳತೆ ಬರೆದುಕೊಳ್ಳುವ ಕೆಲಸ ಅವನಿಗೆ ಸಿಕ್ಕಿತು. ಈಗಲೂ ಮೆಟ್ಟಿಲು ಹತ್ತುವಾಗ ನಿಂತು ಹತ್ತುತ್ತಾನೆ. ಆದರೆ ಹತ್ತುತ್ತಾನೆ.

ಮುಂದಿನ ವರ್ಷ ಸಮೀಕ್ಷೆಯವರು ಮೂರನೆಯ ಸಲ ಬಂದರು. ನೀರು ಹಾಕಿದ್ದರಿಂದ ನಿಜವಾಗಿಯೂ ಉಪಯೋಗವಾಯಿತೇ ಎಂದು ತಿಳಿಯಬೇಕಿತ್ತು. ಡಾಕ್ಟರಮ್ಮನೇ ಮೇಸ್ತ್ರಿಯ ಮನೆಗೆ ಬಂದು ಅವನ ಹೆಂಡತಿಯ ಎದುರು ಕೂತರು. ಮನೆಯಲ್ಲಿ ಎಷ್ಟು ಜನ, ಯಾರಿಗೆ ಕೆಮ್ಮು, ಎಲ್ಲ ಕೇಳಿಯಾಯಿತು. ಅವರು ಏಳುವಾಗ ಆಕೆ ಹೇಳಿದಳು:

"ಇದ್ದವರನ್ನೆಲ್ಲ ಕೇಳಿದ್ರಿ. ಹೋದವನನ್ನ ಕೇಳಲಿಲ್ಲವಲ್ಲಮ್ಮಾ?"

ಡಾಕ್ಟರಮ್ಮ ಮತ್ತೆ ಕೂತರು. "ಅವನಿಗೂ ಇದೇ ಕಾಯಿಲೆ ಇತ್ತೇನೋ, ಈಗ ಖಚಿತವಾಗಿ ಹೇಳೋಕಾಗಲ್ಲಮ್ಮ. ಆಗ ಯಾರೂ ಅಳೆದಿರಲಿಲ್ಲ" ಎಂದರು.

"ನೀವು ಹೇಳೋದು ಬೇಡ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ" ಎಂದಳು ಆಕೆ. ಹಿರಿಯ ಮಗ ಯಾವ ವಯಸ್ಸಿಗೆ ಯಂತ್ರ ಹಿಡಿದ, ಮೊದಲು ಕೆಮ್ಮಿದ್ದು ಯಾವಾಗ, ಮಲಗಲಾರದೆ ಕೂತೇ ನಿದ್ದೆ ಮಾಡುತ್ತಿದ್ದದ್ದು, ಕೊನೆಗೆ ಅನ್ನ ನುಂಗಲೂ ದಮ್ಮಿಲ್ಲದೆ ಹೋದದ್ದು, ಎಲ್ಲವನ್ನೂ ನಿಧಾನವಾಗಿ, ಕಣ್ಣೀರಿಲ್ಲದೆ ಹೇಳಿದಳು. ಡಾಕ್ಟರಮ್ಮ ಬರೆದುಕೊಂಡರು. ಅಂದಿನಿಂದ ಅವರು ಎಲ್ಲ ಮನೆಗಳಲ್ಲೂ ಒಂದು ಹೊಸ ಪ್ರಶ್ನೆ ಕೇಳತೊಡಗಿದರು: ಈ ಮನೆಯಲ್ಲಿ ಹಿಂದೆ ಯಾರಾದರೂ ಕೆಮ್ಮಿನಿಂದ ತೀರಿಕೊಂಡಿದ್ದಾರೆಯೇ? ಅವರು ಏನು ಕೆಲಸ ಮಾಡುತ್ತಿದ್ದರು? ಆ ಬೀದಿಯಲ್ಲಿ ಈ ಪ್ರಶ್ನೆಗೆ ಹೌದೆಂದ ಮನೆಗಳು ಯಾರೂ ಎಣಿಸಿದ್ದಕ್ಕಿಂತ ಹೆಚ್ಚಿದ್ದವು. ಕಲ್ಲು ಕೊಯ್ಯುವ ಬೇರೆ ಊರುಗಳಿಗೂ ಈಗ ಆ ಪ್ರಶ್ನೆ ಹೋಗಿದೆ.

ಓದುವವರೇ, ಕೇಳುವವರೇ, ನಿಮ್ಮ ಬಾಗಿಲಿಗೂ ಒಂದು ದಿನ ಇಂಥವರು ಬರುತ್ತಾರೆ. ಕೆಲಸದ ಹೊತ್ತಿಗೆ ಬಂದರೆಂದು ಬೇಸರಪಡಬೇಡಿ. ಯಾಕೆ ಕೇಳುತ್ತೀರಿ, ನಮ್ಮ ಹೆಸರು ಗುಟ್ಟಾಗಿರುತ್ತದೆಯೇ, ಗೊತ್ತಾದದ್ದನ್ನು ನಮಗೂ ಬಂದು ತಿಳಿಸುತ್ತೀರಾ ಎಂದು ಧೈರ್ಯವಾಗಿ ಕೇಳಿ. ತಿಳಿಸದೆ ಹೋದರೆ ಹುಡುಕಿಕೊಂಡು ಹೋಗಿ ಕೇಳಿ. ಅದು ನಿಮ್ಮ ಹಕ್ಕು. ಆಮೇಲೆ ನಿಜ ಹೇಳಿ. ಔಷಧಿ ಯಾವ ಊರಿಗೆ, ನೀರು ಯಾವ ಬೀದಿಗೆ, ಡಾಕ್ಟರು ಎಲ್ಲಿಗೆ ಎಂಬುದನ್ನು ಮೇಲಿನವರು ನಿಮ್ಮ ಮಾತಿನ ಮೇಲೆಯೇ ತೀರ್ಮಾನಿಸಬೇಕು. ಅವರಿಗೆ ಬೇರೆ ಕಣ್ಣಿಲ್ಲ. ತೀರ್ಮಾನಿಸುವ ಜಾಗದಲ್ಲಿ ಕೂತವರೇ, ನೀವೂ ಹಂಚುವುದಕ್ಕೆ ಮೊದಲು ಅಳೆಯಿರಿ. ಅಳೆಯುವಾಗ ಬಡವನಿಗೆ ಬಾಯಿ ಬಿಡುವಂಥ ಜಾಗ ಮಾಡಿಕೊಡಿ.

ನಿಮ್ಮ ಮನೆಯಿಂದ ಯಾರಾದರೂ ಹಾಗೆ ಹೋಗಿದ್ದರೆ ಅವರ ವಿಷಯವನ್ನೂ ಹೇಳಿ. ದೇವರಿಗೆ ಎಲ್ಲ ಗೊತ್ತಿದೆ. ಮನುಷ್ಯರಿಗೆ ನಾವು ಹೇಳಿದರೆ ಮಾತ್ರ ಗೊತ್ತಾಗುತ್ತದೆ.